ನೌಕಾವಾಣಿಜ್ಯದಲ್ಲಿ ಸುಸ್ಥಿರತೆ: ಒಂದು ವ್ಯಾಸಂಗದ ಬೆಳವಣಿಗೆ

ಹಡಗಿನ ಒಡಲನ್ನು ಹೇಗೆ ಕಟ್ಟಬೇಕು, ನಕ್ಷತ್ರಗಳನ್ನು ನೋಡಿ ದಾರಿಯನ್ನು ಹೇಗೆ ನಿಶ್ಚಯಿಸಬೇಕು, ಯಾವ ಮಾಸದಲ್ಲಿ ಯಾವ ದಿಕ್ಕಿನ ಗಾಳಿಯನ್ನು ನಂಬಬೇಕು ಎಂಬ ವಿದ್ಯೆಗಳು ಮನುಷ್ಯನಿಗೆ ಬಹು ಪ್ರಾಚೀನವಾದವು. ಆದರೆ ಹಡಗಿನ ವ್ಯಾಪಾರವು ತನಗೆ ಆಶ್ರಯವಾದ ಕಡಲನ್ನೂ ವಾಯುವನ್ನೂ, ತನಗಾಗಿ ದುಡಿಯುವ ಜನರ ಆಯುರಾರೋಗ್ಯಗಳನ್ನೂ ಕೆಡಿಸದೆ ತಲೆತಲಾಂತರಕ್ಕೆ ನಡೆದುಕೊಂಡು ಹೋಗುವಂತೆ ಅದನ್ನು ನಿರ್ವಹಿಸುವ ಬಗೆ ಯಾವುದು ಎಂಬ ವಿಚಾರವು ಒಂದು ವ್ಯಾಸಂಗವೆಂಬ ಹೆಸರಿಗೆ ಅರ್ಹವಾದದ್ದು ಕಳೆದ ಐವತ್ತು ಅರುವತ್ತು ವರ್ಷಗಳಲ್ಲಿ ಮಾತ್ರ. ದೇಶದೇಶಗಳ ನಡುವೆ ಸಾಗುವ ಸರಕಿನ ಪ್ರಮಾಣದಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಮಿಕ್ಕಿದ್ದು ಹಡಗನ್ನೇ ನಂಬಿಕೊಂಡಿರುವಾಗ ಈ ವಿಚಾರ ಇಷ್ಟು ತಡವಾಗಿ ಹುಟ್ಟಿದ್ದೇಕೆ ಎಂದು ಆಶ್ಚರ್ಯವಾದೀತು. ಕಾರಣವು ಹಡಗಿನ ಸ್ವಭಾವದಲ್ಲಿಯೇ ಉಂಟು: ದಡ ಬಿಟ್ಟು ನಾಲ್ಕು ಹರದಾರಿ ಹೋದ ಮೇಲೆ ಅದು ಯಾರ ಕಣ್ಣಿಗೂ ಬೀಳದು. ಆದುದರಿಂದ ವಿದ್ವಾಂಸರ ದೃಷ್ಟಿ ಮೊದಲು ಬಿದ್ದದ್ದು ದಡದ ಬಳಿ ಬಂದು ಒಡೆದ ಹಡಗುಗಳ ಮೇಲೆ. ಒಡೆಯದೆ ನೆಟ್ಟಗೆ ನಡೆಯುವ ಹಡಗುಗಳ ಕಡೆಗೆ, ಆಮೇಲೆ ಅವುಗಳನ್ನು ದಡದಲ್ಲಿ ಕುಳಿತು ನಡೆಸುವವರ ಕಡೆಗೆ, ಅದು ಹೊರಳಿದ್ದು ಬಹಳ ನಿಧಾನವಾಗಿ. ಆ ಹೊರಳುವಿಕೆಯೇ ಈ ಕ್ಷೇತ್ರದ ಇತಿಹಾಸವೆಂದು ನನ್ನ ಎಣಿಕೆ.

ಮೊದಮೊದಲಿನ ಕಾಯಿದೆಗಳೆಲ್ಲ ಪ್ರಾಣರಕ್ಷಣೆಗೆ ಸಂಬಂಧಪಟ್ಟವು. ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಎಂಬ ಬ್ರಿಟಿಷ್ ಪಾರ್ಲಿಮೆಂಟ್ ಸದಸ್ಯರ ಹೋರಾಟದ ಫಲವಾಗಿ 1876ರಲ್ಲಿ ಹಡಗಿನ ಮೈಮೇಲೆ ಹೊರೆಯ ಮಿತಿಯನ್ನು ತೋರುವ ಗೆರೆ ಕಡ್ಡಾಯವಾಯಿತು. ಟೈಟಾನಿಕ್ ಮುಳುಗಿ ಎರಡು ವರ್ಷ ಕಳೆದ ಮೇಲೆ, 1914ರಲ್ಲಿ, ಕಡಲಿನಲ್ಲಿ ಜೀವರಕ್ಷಣೆಯ ಮೊದಲ ಅಂತರರಾಷ್ಟ್ರೀಯ ಒಪ್ಪಂದ ಸಿದ್ಧವಾಯಿತು. ಕಡಲಿನಿಂದ ಮನುಷ್ಯನನ್ನು ಕಾಯುವುದಷ್ಟೇ ಸಾಲದು, ಮನುಷ್ಯನಿಂದ ಕಡಲನ್ನೂ ಕಾಯಬೇಕು ಎಂಬ ಭಾವನೆ ಒಪ್ಪಂದದ ರೂಪ ತಳೆದದ್ದು 1954ರಲ್ಲಿ, ಲಂಡನ್ನಿನಲ್ಲಿ. ಅದೂ ಮುಖ್ಯವಾಗಿ ದಡದಿಂದ 50 ಮೈಲಿಯೊಳಗೆ ಎಣ್ಣೆ ಚೆಲ್ಲಬಾರದೆಂದು ವಿಧಿಸಿತೇ ಹೊರತು, ಅದರಾಚೆಯ ಕಡಲನ್ನು ಬಹುಮಟ್ಟಿಗೆ ಅದರ ಪಾಡಿಗೆ ಬಿಟ್ಟಿತು.

1967ನೆಯ ಇಸವಿಯ ಮಾರ್ಚ್ 18ರಂದು ಇಂಗ್ಲೆಂಡಿನ ಕಾರ್ನ್‌ವಾಲ್ ತೀರದಾಚೆ ಟಾರಿ ಕ್ಯಾನಿಯನ್ ಎಂಬ ಎಣ್ಣೆಹಡಗು ಬಂಡೆಗೆ ಬಡಿದು, ಕುವೈತಿನಿಂದ ತಂದ ಸುಮಾರು 1,19,000 ಟನ್ ಕಚ್ಚಾ ಎಣ್ಣೆಯನ್ನು ಕಡಲಿಗೆ ಚೆಲ್ಲಿದಾಗ ಹಳೆಯ ತಿಳಿವಳಿಕೆಯೆಲ್ಲ ಒಮ್ಮೆಗೇ ಸೋತುಹೋಯಿತು. ಆ ಹಡಗಿನ ಬಾವುಟ ಲೈಬೀರಿಯದ್ದು, ನಾವಿಕರು ಇಟಲಿಯವರು, ಬಾಡಿಗೆಗೆ ಹಿಡಿದದ್ದು ಅಮೆರಿಕದ ಕಂಪನಿ, ಎಣ್ಣೆ ಬ್ರಿಟಿಷ್ ಕಂಪನಿಯದು. ಇವರಲ್ಲಿ ಹೊಣೆ ಯಾರದು ಎಂಬ ಪ್ರಶ್ನೆಗೆ ಆಗಿನ ಕಾನೂನಿನಲ್ಲಿ ತೃಪ್ತಿಕರವಾದ ಉತ್ತರವಿರಲಿಲ್ಲ. ಮಿಲ್ಫರ್ಡ್ ಹೇವನ್ ಬಂದರಿನ ಭರತದ ಸಮಯಕ್ಕೆ ತಲಪಲೇಬೇಕೆಂಬ ಆತುರದಲ್ಲಿ ಕಪ್ತಾನನು ಹತ್ತಿರದ ದಾರಿ ಹಿಡಿದಿದ್ದನೆಂಬ ಸಂಗತಿಯನ್ನು ಆಗಿನವರು ಬರಿಯ ವ್ಯಕ್ತಿದೋಷವೆಂದು ಎಣಿಸಿದರು. ಆ ಆತುರ ಎಲ್ಲಿಂದ ಬಂದಿತೆಂದು ಕೇಳುವ ಶಾಸ್ತ್ರ ಇನ್ನೂ ಹುಟ್ಟಿರಲಿಲ್ಲ. ಎಣ್ಣೆಯನ್ನು ಚದರಿಸಲು ಸುರಿದ ಸುಮಾರು 10,000 ಟನ್ ಮಾರ್ಜಕವು ಎಣ್ಣೆಗಿಂತಲೂ ಹೆಚ್ಚಾಗಿ ತೀರದ ಜೀವಿಗಳನ್ನು ಕೊಂದಿತೆಂಬುದನ್ನು ಪ್ಲಿಮತ್ತಿನ ಕಡಲಜೀವಶಾಸ್ತ್ರ ಪ್ರಯೋಗಾಲಯದವರು 1968ರಲ್ಲಿ ಪ್ರಕಟಿಸಿದ ವರದಿ ತೋರಿಸಿಕೊಟ್ಟಿತು. ಸದುದ್ದೇಶದಿಂದ ಮಾಡಿದ ನಿರ್ವಹಣೆಯೂ ತಿಳಿವಳಿಕೆಯಿಲ್ಲದಿದ್ದರೆ ಹಾನಿಗೆ ಹಾನಿಯನ್ನು ಕೂಡಿಸುತ್ತದೆ ಎಂಬುದಕ್ಕೆ ಇಷ್ಟು ಸ್ಪಷ್ಟವಾದ ಸಾಕ್ಷ್ಯ ಅದಕ್ಕೆ ಮುನ್ನ ದೊರೆತಿರಲಿಲ್ಲ. ಈ ವ್ಯಾಸಂಗದ ಮೊದಲ ಗ್ರಂಥವೆಂದು ನಾನು ಎಣಿಸುವುದು ಆ ವರದಿಯನ್ನೇ.

ಅಲ್ಲಿಂದ ಮುಂದೆ ಒಪ್ಪಂದಗಳು ವೇಗವಾಗಿ ಬಂದುವು. ಎಣ್ಣೆ ಚೆಲ್ಲಿದ ಹೊಣೆಯನ್ನು ಹಡಗಿನ ಒಡೆಯನ ಮೇಲೆ ನಿಲ್ಲಿಸಿದ್ದು 1969ರಲ್ಲಿ. ಹಡಗುಗಳಿಂದಾಗುವ ಮಾಲಿನ್ಯವನ್ನೆಲ್ಲ ಒಂದೇ ಚೌಕಟ್ಟಿಗೆ ತಂದ ಮಾರ್ಪೋಲ್ ಒಪ್ಪಂದವಾದದ್ದು 1973ರಲ್ಲಿ. 1978ರ ತಿದ್ದುಪಡಿಯೊಡನೆ ಅದು ಜಾರಿಗೆ ಬಂದದ್ದು 1983ರ ಅಕ್ಟೋಬರಿನಲ್ಲಿ. ಅದೇ 1983ರಲ್ಲಿ ಸ್ವೀಡನ್ನಿನ ಮಾಲ್ಮೋ ನಗರದಲ್ಲಿ ವಿಶ್ವ ಕಡಲ ವಿಶ್ವವಿದ್ಯಾಲಯ ಸ್ಥಾಪಿತವಾಗಿ, ಬಡ ರಾಷ್ಟ್ರಗಳ ಅಧಿಕಾರಿಗಳೂ ಈ ವಿಷಯವನ್ನು ಕ್ರಮವಾಗಿ ಕಲಿಯುವ ಅವಕಾಶವಾಯಿತು. 1989ರಲ್ಲಿ ಅಲಾಸ್ಕದಲ್ಲಿ ಎಕ್ಸಾನ್ ವಾಲ್ಡೀಸ್ ಒಡೆದ ಬಳಿಕ ಅಮೆರಿಕವು ಎಣ್ಣೆಹಡಗುಗಳಿಗೆ ಇಮ್ಮಡಿ ಒಡಲನ್ನು ವಿಧಿಸಿತು. ಇವೆಲ್ಲವೂ ಹಡಗಿಗೆ ಹೇಳಿದ ಔಷಧಗಳು.

ಕಛೇರಿಗೂ ಔಷಧ ಬೇಕೆಂದು ತೋರಿಸಿದ್ದು ಎಣ್ಣೆಯ ಗಂಧವೇ ಇಲ್ಲದ ಒಂದು ದುರಂತ. 1987ರ ಮಾರ್ಚ್ 6ರಂದು ಬೆಲ್ಜಿಯಮ್ಮಿನ ಜೇಬ್ರುಗ್ಗೆ ಬಂದರಿನಿಂದ ಹೊರಟ ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್ ಎಂಬ ನೌಕೆಯ ಮುಂಬಾಗಿಲು ತೆರೆದೇ ಉಳಿದು, ನೀರು ನುಗ್ಗಿ, ನೌಕೆ ಮಗುಚಿ 193 ಜನ ಮಡಿದರು. ಬಾಗಿಲು ಮುಚ್ಚಬೇಕಾಗಿದ್ದವನು ನಿದ್ರಿಸುತ್ತಿದ್ದನೆಂಬುದು ನಿಜ. ಆದರೆ ಬಾಗಿಲು ಮುಚ್ಚಿದೆಯೇ ಇಲ್ಲವೇ ಎಂಬುದನ್ನು ಕಪ್ತಾನನಿಗೆ ತೋರಿಸುವ ಒಂದು ದೀಪ ಬೇಕೆಂದು ನಾವಿಕರು ಅದಕ್ಕೆ ಮುಂಚೆಯೇ ಕೇಳಿದ್ದರೆಂಬುದೂ, ಆ ಕೋರಿಕೆಯನ್ನು ದಡದ ಕಛೇರಿ ಲಘುವಾಗಿ ತಳ್ಳಿಹಾಕಿತ್ತೆಂಬುದೂ ಅಷ್ಟೇ ನಿಜ. ವಿಚಾರಣೆ ನಡೆಸಿದ ನ್ಯಾಯಮೂರ್ತಿ ಶೀನ್ ಅವರು ದೋಷವನ್ನು ಮಲಗಿದ್ದವನ ತಲೆಗೆ ಕಟ್ಟಿ ಸುಮ್ಮನಾಗದೆ ಆಡಳಿತ ಮಂಡಳಿಯವರೆಗೂ ಬೆರಳು ತೋರಿದರು. ಇದರ ಫಲವಾಗಿ ರೂಪುಗೊಂಡ ಅಂತರರಾಷ್ಟ್ರೀಯ ಸುರಕ್ಷಾ ನಿರ್ವಹಣಾ ಸಂಹಿತೆ 1993ರಲ್ಲಿ ಅಂಗೀಕೃತವಾಗಿ 1998ರ ಜುಲೈ 1ರಿಂದ ಕಡ್ಡಾಯವಾಗತೊಡಗಿತು. ಪ್ರತಿ ಕಂಪನಿಯಲ್ಲಿಯೂ ಅತ್ಯುನ್ನತ ಅಧಿಕಾರಿಯನ್ನು ನೇರವಾಗಿ ಕಾಣಬಲ್ಲ ಒಬ್ಬ ಹೊಣೆಗಾರನು ದಡದಲ್ಲಿರತಕ್ಕದ್ದೆಂದು ಅದು ವಿಧಿಸಿತು. ಸುರಕ್ಷತೆಯನ್ನೂ ಪರಿಸರರಕ್ಷಣೆಯನ್ನೂ ನಿರ್ವಹಣೆಯ ಪ್ರಶ್ನೆಯಾಗಿ ಕಂಡ ಮೊದಲ ಕಡಲ ಶಾಸನ ಇದೇ ಎನ್ನಬಹುದು. ಆದರೆ ಸಂಹಿತೆ ಬಂದ ಮಾತ್ರಕ್ಕೆ ನಡತೆ ಬಂದೀತೆ? ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದ ನಾವಿಕ ಸಂಶೋಧನಾ ಕೇಂದ್ರದವರು ಹಡಗುಗಳನ್ನೇರಿ ವಾರಗಟ್ಟಲೆ ಪಯಣಿಸಿ ಈ ಪ್ರಶ್ನೆಯನ್ನು ಕೇಳಿದರು. ಅಲ್ಲಿ ಸಂಶೋಧನೆ ನಡೆಸಿದ ಶ್ಯಮಂತಕ ಭಟ್ಟಾಚಾರ್ಯರು ಕಂಡುಕೊಂಡ ಪ್ರಕಾರ, ಕಛೇರಿಯವರಿಗೆ ಸುರಕ್ಷೆಯ ಸಾಧನವಾಗಿ ತೋರಿದ ಅದೇ ಸಂಹಿತೆ ನಾವಿಕರಿಗೆ ತುಂಬಲೇಬೇಕಾದ ಕಾಗದಗಳ ರಾಶಿಯಾಗಿ ತೋರುತ್ತಿತ್ತು. ಒಪ್ಪಂದ ಮುಗಿದರೆ ಮತ್ತೆ ಕರೆ ಬರುವುದೋ ಇಲ್ಲವೋ ಎಂಬ ಅಂಜಿಕೆಯಲ್ಲಿರುವವನು ತಪ್ಪನ್ನು ಬಾಯಿಬಿಟ್ಟು ಹೇಳಲಾರನು. ಈ ಕ್ಷೇತ್ರದಲ್ಲಿ ನಡೆದ ಕೆಲಸಗಳಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಾಣುವುದು ಈ ಜಾತಿಯದು.

ಇಷ್ಟರಲ್ಲಿ, ಒಡೆಯದ ಹಡಗೂ ಹಾನಿ ಮಾಡುತ್ತದೆಂಬ ಅರಿವು ಬೇರೆ ದಿಕ್ಕುಗಳಿಂದ ಬಂದಿತು. ಫ್ರಾನ್ಸಿನ ಆರ್ಕಾಶೋಂ ಕೊಲ್ಲಿಯ ಸಿಂಪಿಗಳು ವಿಕಾರಗೊಂಡದ್ದಕ್ಕೆ ದೋಣಿಗಳ ತಳಕ್ಕೆ ಬಳಿಯುವ ತವರದ ವಿಷಬಣ್ಣವೇ ಕಾರಣವೆಂದು ಗೊತ್ತಾಯಿತು. ಬರಿದಾದ ಹಡಗು ಸಮತೋಲಕ್ಕಾಗಿ ಹೊಟ್ಟೆಯಲ್ಲಿ ತುಂಬಿಕೊಳ್ಳುವ ಬ್ಯಾಲಸ್ಟ್ ನೀರಿನೊಡನೆ ಯುರೋಪಿನ ಜೀಬ್ರಾ ಚಿಪ್ಪುಜೀವಿ ಉತ್ತರ ಅಮೆರಿಕದ ಮಹಾಸರೋವರಗಳನ್ನು ಸೇರಿತು. ವಿಷಬಣ್ಣದ ನಿಷೇಧ 2008ರಲ್ಲಿ ಜಾರಿಗೆ ಬಂದಿತು. ಬ್ಯಾಲಸ್ಟ್ ನೀರಿನ ಒಪ್ಪಂದ 2004ರಲ್ಲಿ ಆದರೂ ಜಾರಿಯಾಗಲು 2017ರವರೆಗೆ ಕಾಯಬೇಕಾಯಿತು.

ಹೊಗೆಯ ವಿಚಾರ ಇವೆಲ್ಲಕ್ಕಿಂತ ಕಷ್ಟದ್ದು. ಅಮೆರಿಕದ ಜೇಮ್ಸ್ ಕಾರ್ಬೆಟ್ ಮತ್ತು ಅವರ ಸಂಗಡಿಗರು 1997ರಿಂದಾಚೆಗೆ ಹಡಗುಗಳ ಹೊಗೆಯನ್ನು ಲೆಕ್ಕಕ್ಕೆ ತಂದು, 2007ರಲ್ಲಿ, ಅದರ ಸೂಕ್ಷ್ಮಕಣಗಳಿಂದ ವರ್ಷಕ್ಕೆ ಸುಮಾರು 60,000 ಜನ ಅಕಾಲಮರಣಕ್ಕೆ ತುತ್ತಾಗುತ್ತಿದ್ದಾರೆಂದೂ, ಅವರಲ್ಲಿ ಹೆಚ್ಚಿನವರು ಯುರೋಪ್, ಪೂರ್ವ ಏಷ್ಯ ಮತ್ತು ನಮ್ಮ ದಕ್ಷಿಣ ಏಷ್ಯದ ಕರಾವಳಿಗಳವರೆಂದೂ ಅಂದಾಜು ಮಾಡಿದರು. ಇಂಧನದಲ್ಲಿನ ಗಂಧಕದ ಮಿತಿಯನ್ನು 2020ರ ಜನವರಿ 1ರಿಂದ ನೂರಕ್ಕೆ 3.5ರಿಂದ 0.5ಕ್ಕೆ ಇಳಿಸಿದ ನಿರ್ಣಯದ ಹಿಂದೆ ಇಂಥ ಲೆಕ್ಕಗಳ ಬಲವಿತ್ತು. ಹವಾಮಾನದ ಪ್ರಶ್ನೆಯಾದರೋ 1997ರ ಕ್ಯೋಟೋ ಒಪ್ಪಂದದಲ್ಲಿ ಯಾವ ದೇಶದ ಪಾಲಿಗೂ ಸೇರದೆ, ಅಂತರರಾಷ್ಟ್ರೀಯ ಕಡಲ ಸಂಸ್ಥೆಯ ಮೂಲಕ ಬಗೆಹರಿಯತಕ್ಕದ್ದೆಂದು ಉಳಿಯಿತು. ಆ ಸಂಸ್ಥೆ 2000, 2009, 2014 ಮತ್ತು 2020ರಲ್ಲಿ ನಾಲ್ಕು ಅಧ್ಯಯನಗಳನ್ನು ಹೊರತಂದಿತು. ಮೊದಲಲ್ಲಿ ಬಂದರುಗಳಲ್ಲಿ ಮಾರಾಟವಾದ ಎಣ್ಣೆಯ ಲೆಕ್ಕವನ್ನು ನಂಬಬೇಕೋ, ಹಡಗುಗಳ ಓಡಾಟದಿಂದ ಕಟ್ಟಿದ ಲೆಕ್ಕವನ್ನು ನಂಬಬೇಕೋ ಎಂಬ ದೊಡ್ಡ ವಿವಾದವಿತ್ತು. ಪ್ರತಿ ಹಡಗೂ ತನ್ನ ಇರುವನ್ನು ಸಾರುತ್ತಾ ಹೋಗುವ ರೇಡಿಯೋ ಸಂಕೇತಗಳನ್ನು ಉಪಗ್ರಹಗಳು ಹಿಡಿಯತೊಡಗಿದ ಮೇಲೆ, ಮೂರನೆಯ ಅಧ್ಯಯನದ ಕಾಲಕ್ಕೆ, ವಿವಾದ ಬಹುಮಟ್ಟಿಗೆ ತಣಿಯಿತು. ಕಣ್ಣಿಗೆ ಬೀಳದಿದ್ದ ಹಡಗು ಕೊನೆಗೂ ಕಣ್ಣಿಗೆ ಬಿದ್ದಿತು. ನಾಲ್ಕನೆಯ ಅಧ್ಯಯನದ ಪ್ರಕಾರ 2018ರಲ್ಲಿ ಹಡಗುಗಳು ಬಿಟ್ಟ ಹಸಿರುಮನೆ ಅನಿಲ 107.6 ಕೋಟಿ ಟನ್. ಮನುಷ್ಯರು ಬಿಡುವ ಒಟ್ಟಿನಲ್ಲಿ ನೂರಕ್ಕೆ 2.89 ಪಾಲು.

ಲೆಕ್ಕ ಸಿಕ್ಕಿದ ಮೇಲೆ ಎದ್ದ ಪ್ರಶ್ನೆಯೇ ನಿರ್ವಹಣಾಶಾಸ್ತ್ರದ ನಿಜವಾದ ಪ್ರಶ್ನೆ. ಹಡಗಿನ ಎಂಜಿನ್ನು ಕೇಳುವ ಶಕ್ತಿ ಸ್ಥೂಲವಾಗಿ ವೇಗದ ಘನವನ್ನನುಸರಿಸುತ್ತದೆ. ವೇಗವನ್ನು ಹತ್ತನೆಯ ಒಂದು ಪಾಲು ತಗ್ಗಿಸಿದರೆ, ಪಯಣಕ್ಕೆ ಹಿಡಿಯುವ ಹೆಚ್ಚಿನ ಕಾಲವನ್ನು ಸೇರಿಸಿಕೊಂಡರೂ, ಎಣ್ಣೆಯಲ್ಲಿ ನೂರಕ್ಕೆ ಹತ್ತೊಂಬತ್ತರಷ್ಟು ಉಳಿಯಬೇಕು. ಇಷ್ಟು ಸುಲಭವಾದ ಲಾಭವನ್ನು ವ್ಯಾಪಾರಿಗಳು ಏಕೆ ಕೈಬಿಟ್ಟರು? ಕಾಲಾವಧಿಯ ಬಾಡಿಗೆಯಲ್ಲಿ ಹಡಗನ್ನು ಸುಧಾರಿಸುವ ಖರ್ಚು ಒಡೆಯನದು, ಎಣ್ಣೆಯ ಖರ್ಚು ಬಾಡಿಗೆಗೆ ಹಿಡಿದವನದು. ಅಗ್ನೋಲುಚಿ, ಸ್ಮಿತ್ ಮತ್ತು ರೆಹ್ಮತುಲ್ಲಾ ಎಂಬ ಲಂಡನ್ನಿನ ಸಂಶೋಧಕರು 2014ರಲ್ಲಿ ಪನಾಮಾಕ್ಸ್ ವರ್ಗದ ಹಡಗುಗಳ ಬಾಡಿಗೆಗಳನ್ನು ಪರಿಶೀಲಿಸಿ, ಉಳಿತಾಯದ ಹಣದಲ್ಲಿ ಸರಾಸರಿ ನೂರಕ್ಕೆ ನಲವತ್ತು ಪಾಲು ಮಾತ್ರ ಒಡೆಯನ ಕೈಸೇರುತ್ತದೆಂದು ತೋರಿಸಿದರು. ಇನ್ನು ಪಯಣದ ಬಾಡಿಗೆಯ ಕರಾರಿನಲ್ಲಿಯೋ, ಹಡಗು ಶೀಘ್ರವಾಗಿ ಸಾಗತಕ್ಕದ್ದೆಂಬ ಹಳೆಯ ಷರತ್ತೂ, ಬಂದರಿನಲ್ಲಿ ಕಾದ ದಿನಗಳಿಗೆ ಡೆಮರೇಜ್ ಎಂಬ ಪರಿಹಾರ ಸಲ್ಲುವ ಪದ್ಧತಿಯೂ ಸೇರಿ, ಓಡೋಡಿ ಬಂದು ಲಂಗರು ಹಾಕಿ ಕಾಯುವುದನ್ನೇ ಲಾಭದಾಯಕವನ್ನಾಗಿ ಮಾಡಿದವು. ಟಾರಿ ಕ್ಯಾನಿಯನ್ನಿನ ಕಪ್ತಾನನ ಆತುರದ ಬೇರನ್ನು ಹುಡುಕುವ ವಿದ್ಯೆ ಇಲ್ಲಿ ಹುಟ್ಟಿತು.

ಕಾಯಿದೆ ಇದನ್ನು ಅರೆಮನಸ್ಸಿನಿಂದ ಗ್ರಹಿಸಿತು. 2013ರಿಂದ ಹೊಸ ಹಡಗುಗಳ ವಿನ್ಯಾಸಕ್ಕೆ ದಕ್ಷತೆಯ ಮಾನವೂ, ಪ್ರತಿ ಹಡಗಿಗೂ ಶಕ್ತಿನಿರ್ವಹಣೆಯ ಯೋಜನೆಯೂ ಕಡ್ಡಾಯವಾದುವು. ಆದರೆ ಆ ಯೋಜನೆಯಲ್ಲಿ ಗುರಿ ಇರಲೇಬೇಕೆಂಬ ನಿಯಮವಿರಲಿಲ್ಲ. 2023ರಿಂದ ಹಡಗುಗಳಿಗೆ ಅವುಗಳ ಹೊಗೆಯ ಲೆಕ್ಕದ ಮೇಲೆ ವರ್ಷವರ್ಷವೂ ಎ ಯಿಂದ ಇ ವರೆಗೆ ದರ್ಜೆ ಕೊಡುವ ಪದ್ಧತಿ ಬಂದಿದೆ. ಬಂದರಿನ ಹೊರಗೆ ಬಹುದಿನ ಕಾಯಬೇಕಾದ ಹಡಗು ತನ್ನದಲ್ಲದ ತಪ್ಪಿಗೆ ಕೀಳುದರ್ಜೆ ಪಡೆಯುತ್ತದೆಂಬ ಆಕ್ಷೇಪಣೆ ಯುಕ್ತವಾದುದೆಂದೇ ನನಗೆ ತೋರುತ್ತದೆ. ಹಡಗಿಗೆ ಸಾಲ ಕೊಡುವ ಬ್ಯಾಂಕುಗಳು 2019ರಲ್ಲಿ, ಸಾಲ ಪಡೆದ ಹಡಗುಗಳ ಹೊಗೆಯ ಲೆಕ್ಕವಿಡುವ ಪೊಸೈಡನ್ ತತ್ತ್ವಗಳೆಂಬ ಕಟ್ಟಳೆಯನ್ನು ತಾವೇ ಹಾಕಿಕೊಂಡದ್ದರಿಂದ ವಿದ್ವಾಂಸರ ಗಮನ ಸಾಲದ ಕಡತಗಳವರೆಗೂ ಹೋಗಿದೆ. 2050ರ ಸುಮಾರಿಗೆ ಹೊಗೆಯ ನಿವ್ವಳ ಲೆಕ್ಕವನ್ನು ಸೊನ್ನೆಗೆ ತರಬೇಕೆಂದು 2023ರ ಜುಲೈನಲ್ಲಿ ರಾಷ್ಟ್ರಗಳು ಒಪ್ಪಿದವು; ಹೊಗೆಗೆ ಬೆಲೆ ಕಟ್ಟುವ ವ್ಯವಸ್ಥೆಯ ಅಂಗೀಕಾರವನ್ನು 2025ರ ಅಕ್ಟೋಬರಿನಲ್ಲಿ ಒಂದು ವರ್ಷದ ಮಟ್ಟಿಗೆ ಮುಂದೂಡಿದವು. ಗಾಳಿಯ ಬಲವನ್ನು ಮರಳಿ ಕರೆಯುವ ಪ್ರಯತ್ನಗಳೂ ನಡೆದಿವೆ. ಆಂಟನ್ ಫ್ಲೆಟ್ನರ್ ಎಂಬ ಜರ್ಮನ್ ಎಂಜಿನಿಯರು 1920ರ ದಶಕದಲ್ಲಿಯೇ ತಿರುಗುವ ಕಂಬಗಳಿಂದ ಬುಕೌ ಎಂಬ ಹಡಗನ್ನು ಅಟ್ಲಾಂಟಿಕ್ ದಾಟಿಸಿದ್ದರು. ಆಗ ಎಣ್ಣೆ ಅಗ್ಗವಾಗಿದ್ದುದರಿಂದ ಮೂಲೆಗೆ ಬಿದ್ದ ಆ ಕಂಬಗಳು ಈಗ ಹೊಸ ಹಡಗುಗಳ ಮೇಲೆ ಏಳುತ್ತಿವೆ.

ಮುದಿಯಾದ ಹಡಗಿನ ಕಥೆ ನಮ್ಮ ದೇಶಕ್ಕೆ ಹತ್ತಿರದ್ದು. ಹಡಗು ಕಡಿಯುವ ಕೆಲಸ 1983ರಲ್ಲಿ ಆರಂಭವಾದ ಗುಜರಾತಿನ ಅಲಂಗ್ ತೀರದಲ್ಲಿ, ಭರತದ ನೀರಿನೊಡನೆ ದಡವೇರಿದ ಹಡಗುಗಳನ್ನು ಗ್ಯಾಸ್ ಕಟರ್ ಹಿಡಿದ ಕೂಲಿಕಾರರು ಕಡಿಯುತ್ತಾ ಬಂದಿದ್ದಾರೆ. ಅಲಂಗಿಗೆ ಹೊರಟಿದ್ದ, ಕಲ್ನಾರು ತುಂಬಿದ ಕ್ಲೆಮಾನ್ಸೋ ಎಂಬ ಯುದ್ಧನೌಕೆಯನ್ನು 2006ರಲ್ಲಿ ಫ್ರಾನ್ಸು ಹಿಂದಕ್ಕೆ ಕರೆಸಿಕೊಂಡಾಗ ಲೋಕ ಆ ಕಡೆ ನೋಡಿತು. ಹಡಗು ಕಡಿಯುವುದನ್ನು ಕುರಿತ 2009ರ ಹಾಂಗ್‌ಕಾಂಗ್ ಒಪ್ಪಂದ ಜಾರಿಗೆ ಬಂದದ್ದು ಮಾತ್ರ 2025ರ ಜೂನ್ 26ರಂದು. ಕಡಲಹಾನಿಯೂ ನಮಗೆ ದೂರದ್ದಲ್ಲ: 2022ರ ಜೂನಿನಲ್ಲಿ ಉಳ್ಳಾಲದ ಬಳಿ ಉಕ್ಕಿನ ಸುರುಳಿಗಳನ್ನು ಹೊತ್ತ ಪ್ರಿನ್ಸೆಸ್ ಮಿರಾಲ್ ಮುಳುಗಿದ್ದನ್ನೂ, 2025ರ ಮೇ ತಿಂಗಳಲ್ಲಿ ಎಂಎಸ್‌ಸಿ ಎಲ್ಸಾ 3 ಮುಳುಗಿ ಕೇರಳದ ತೀರಕ್ಕೆ ಪ್ಲಾಸ್ಟಿಕ್ ಕಾಳುಗಳು ಬಂದು ಬಿದ್ದದ್ದನ್ನೂ ಕರಾವಳಿಯ ಮೀನುಗಾರರು ಮರೆತಿಲ್ಲ.

ಇಷ್ಟೆಲ್ಲ ಬೆಳೆದ ವ್ಯಾಸಂಗದಲ್ಲಿ ನಾವಿಕನಿಗೆ ಸಂದ ಪುಟಗಳು ಇಂದಿಗೂ ಕಡಿಮೆ. ಅವನ ಕೂಲಿ, ವಿಶ್ರಾಂತಿ, ಊಟಗಳ ಹಕ್ಕುಗಳನ್ನು ಒಗ್ಗೂಡಿಸಿದ 2006ರ ಕಡಲ ಕಾರ್ಮಿಕ ಒಪ್ಪಂದ ಜಾರಿಯಾದದ್ದು 2013ರಲ್ಲಿ. ಆದರೂ 2020ರ ಕೋವಿಡ್ ಕಾಲದಲ್ಲಿ ಸುಮಾರು 4,00,000 ಜನ ಕರಾರು ಮುಗಿದರೂ ಇಳಿಯಲಾರದೆ ಹಡಗಿನಲ್ಲೇ ಉಳಿಯಬೇಕಾಯಿತು. ಇಂಗಾಲವಿಲ್ಲದ ಇಂಧನವೆಂದು ಈಗ ಅಮೋನಿಯವನ್ನು ಎಂಜಿನ್ನುಗಳಲ್ಲಿ ಪರೀಕ್ಷಿಸುತ್ತಿದ್ದಾರೆ. ಅದು ಉಸಿರಿಗೆ ವಿಷ. ಯಾವ ಕೊಳವೆಗೆ ಎಷ್ಟು ಪದರವಿರಬೇಕು, ಸೋರಿದರೆ ಯಾವ ಬಾಗಿಲು ತಾನಾಗಿ ಮುಚ್ಚಿಕೊಳ್ಳಬೇಕು ಎಂಬ ಪ್ರಬಂಧಗಳು ಸಾಕಷ್ಟು ಬರುತ್ತಿವೆ. ಆ ಎಂಜಿನ್ ಕೋಣೆಯಲ್ಲಿ ನಡುರಾತ್ರಿಯ ಪಾಳಿಯಲ್ಲಿ ನಿಂತಿರುವವನು ಎಷ್ಟು ಗಂಟೆ ನಿದ್ರೆ ಮಾಡಿ ಬಂದಿದ್ದಾನೆ, ವಾಸನೆ ಬಂದೊಡನೆ ದಡದ ಕಛೇರಿಗೆ ಅಂಜದೆ ಹೇಳಬಲ್ಲನೇ ಎಂದು ಕೇಳುವ ಪ್ರಬಂಧಗಳು ಇನ್ನೂ ಹೆಚ್ಚಾಗಿ ಬರಬೇಕಾಗಿದೆ.