ಹಡ್ಸನ್ ದಂಡೆಯ ಅಲಂಕಾರ ದೀಪ: ಗಡಿಯಾರದಿಂದ ಗಣಕದವರೆಗೆ

ಜರ್ಸಿ ಸಿಟಿಯ ಪೌಲಸ್ ಹುಕ್ ದಂಡೆಯಲ್ಲಿ ಮ್ಯಾನ್‌ಹಟನ್‌ಗೆ ಮುಖಮಾಡಿ ನಿಂತಿರುವ ಕೋಲ್ಗೇಟ್ ಗಡಿಯಾರವು, ವೇಳೆ ತಿಳಿಸುವ ನೆಪದಲ್ಲಿ ಸಾಬೂನಿನ ಹೆಸರನ್ನು ನದಿಯಾಚೆಗೆ ಸಾರುವುದಕ್ಕಾಗಿ ಹುಟ್ಟಿದ್ದು. 1908ರಲ್ಲಿ ಕಾರ್ಖಾನೆಯ ಮೇಲೆ ಏರಿಸಿದ ಮೊದಲ ಗಡಿಯಾರವನ್ನು ಮುಂದೆ ಇಂಡಿಯಾನಾ ರಾಜ್ಯದ ಕಾರ್ಖಾನೆಗೆ ಸಾಗಿಸಲಾಯಿತು. ಅದರ ಜಾಗಕ್ಕೆ 1924ರಲ್ಲಿ 50 ಅಡಿ ವ್ಯಾಸದ, ಕಂಪನಿಯ ‘ಆಕ್ಟಗನ್’ ಸಾಬೂನನ್ನು ನೆನಪಿಸುವ ಎಂಟು ಮೂಲೆಗಳ ಗಡಿಯಾರ ಬಂದಿತು. ಕಾರ್ಖಾನೆ ನೆಲಸಮವಾದರೂ ಗಡಿಯಾರ ಉಳಿದಿದೆ; ಅದರ ಬಲ್ಬುಗಳ ಜಾಗದಲ್ಲಿ ಈಗ ಎಲ್‌ಇಡಿಗಳು ಬೆಳಗುತ್ತಿವೆ.

ಈ ಸೀಮೆಗೂ ಅಲಂಕಾರದ ವಿದ್ಯುದ್ದೀಪಕ್ಕೂ ಇರುವ ನಂಟು ಗಡಿಯಾರಕ್ಕಿಂತ ಹಳೆಯದು. ಥಾಮಸ್ ಎಡಿಸನ್ 1882ರಲ್ಲಿ ತನ್ನ ಬಲ್ಬ್ ಕಾರ್ಖಾನೆಯನ್ನು ಮೆನ್ಲೋ ಪಾರ್ಕ್‌ನಿಂದ ಜರ್ಸಿ ಸಿಟಿ ಇರುವ ಹಡ್ಸನ್ ಕೌಂಟಿಯದೇ ಆದ ಹ್ಯಾರಿಸನ್‌ಗೆ ಸ್ಥಳಾಂತರಿಸಿದನು. ಅದೇ ವರ್ಷದ ಡಿಸೆಂಬರಿನಲ್ಲಿ ಅವನ ಸಹೋದ್ಯೋಗಿ ಎಡ್ವರ್ಡ್ ಜಾನ್ಸನ್ ನ್ಯೂಯಾರ್ಕಿನ ತನ್ನ ಮನೆಯ ಕ್ರಿಸ್‌ಮಸ್ ಮರಕ್ಕೆ ಕೆಂಪು, ಬಿಳಿ, ನೀಲಿ ಬಣ್ಣದ 80 ಪುಟ್ಟ ಬಲ್ಬುಗಳನ್ನು ಸುತ್ತಿದನು. ಅಂದಿನ ಇಂಗಾಲದ ತಂತಿಯ ಬಲ್ಬು ತಾನು ಹೀರಿದ ವಿದ್ಯುತ್ತಿನ ಬಹುಪಾಲನ್ನು ಕಾವಾಗಿ ಕಳೆಯುತ್ತಿತ್ತು, ಬೆಳಕಿನ ಅಳತೆಯಾದ ಲ್ಯೂಮೆನ್‌ನಲ್ಲಿ ಹೇಳುವುದಾದರೆ, ಒಂದು ವ್ಯಾಟ್‌ಗೆ ಎರಡು ಲ್ಯೂಮೆನ್‌ನಷ್ಟು ಸಿಕ್ಕರೆ ಅದೇ ದೊಡ್ಡದು. ಇಂದಿನ ಒಳ್ಳೆಯ ಬಿಳಿ ಎಲ್‌ಇಡಿ ನೂರನ್ನು ಮೀರುತ್ತದೆ. ಹೀಗಾಗಿ ಆ ಕಾಲದಲ್ಲಿ ಅಲಂಕಾರದ ದೀಪವೆಂದರೆ ಸಿರಿವಂತಿಕೆಯ ಪ್ರದರ್ಶನವೇ ಆಗಿತ್ತು.

ಎಲ್‌ಇಡಿ ಎಂಬುದು ಅರೆವಾಹಕದ, ಅಂದರೆ ವಿದ್ಯುತ್ತನ್ನು ಹದವರಿತು ಹರಿಯಗೊಡುವ ಹರಳಿನ, ಪುಟ್ಟ ತುಣುಕು. ಅದರ ಬೆಳಕಿನ ಬಣ್ಣವನ್ನು ಹರಳಿನ ದ್ರವ್ಯವೇ ನಿರ್ಧರಿಸುತ್ತದೆ. ಕೆಂಪು ಎಲ್‌ಇಡಿ 1962ರಲ್ಲೇ ಬಂದಿತಾದರೂ ನೀಲಿ ಮಾತ್ರ ಕೈಗೆ ಸಿಗಲಿಲ್ಲ. ನ್ಯೂಜರ್ಸಿಯ ಪ್ರಿನ್ಸ್‌ಟನ್‌ನಲ್ಲಿದ್ದ ಆರ್‌ಸಿಎ ಕಂಪನಿಯ ಪ್ರಯೋಗಾಲಯದಿಂದ ರಜೆಯ ಮೇಲೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಹೋಗಿದ್ದ ಹರ್ಬರ್ಟ್ ಮಾರುಸ್ಕಾ ಅಲ್ಲಿ 1972ರಲ್ಲಿ ಗ್ಯಾಲಿಯಂ ನೈಟ್ರೈಡ್‌ನಿಂದ ನೇರಳೆ ಬೆಳಕನ್ನು ಹೊರಡಿಸಿದನು. ಆದರೆ ಬೆಳಕು ತೀರಾ ಮಂಕಾಗಿತ್ತು, ಯೋಜನೆಯೂ ಬೇಗನೆ ನಿಂತುಹೋಯಿತು. ಗುರಿಯ ಹತ್ತಿರಕ್ಕೆ ಬಂದು ಕೈಬಿಟ್ಟ ಈ ಪ್ರಯತ್ನವು ಪಡೆದಿರುವುದಕ್ಕಿಂತ ಹೆಚ್ಚಿನ ಮನ್ನಣೆಗೆ ಅರ್ಹವಾಗಿದೆ. ಅದೇ ದ್ರವ್ಯವನ್ನು ಪಟ್ಟುಹಿಡಿದು ಪಳಗಿಸಿದ ಜಪಾನಿನ ಅಕಾಸಾಕಿ, ಅಮಾನೊ ಮತ್ತು ನಕಾಮುರಾ ಅವರಿಗೆ 2014ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಕೆಂಪು ಮತ್ತು ಹಸಿರಿನ ಜೊತೆಗೆ ನೀಲಿ ಸೇರಿದ ಮೇಲೆ ಬೇಕಾದ ಬಣ್ಣವನ್ನು ಬೆರೆಸಿಕೊಳ್ಳುವುದು ಸಾಧ್ಯವಾಗಿ, ಗಾಜಿನ ಬದಿಯುಳ್ಳ ಡೆಸ್ಕ್‌ಟಾಪ್ ಗಣಕದ ಪೆಟ್ಟಿಗೆಯೊಳಗೆ, ಫ್ಯಾನು ಮತ್ತು ಮೆಮೊರಿಗಳ ಮೇಲೆ, ‘ಆರ್‌ಜಿಬಿ’ ದೀಪಗಳು ನೆಲೆಸಿದವು. ಇವುಗಳಲ್ಲಿ ಬಹಳವಾಗಿ ಬಳಕೆಯಲ್ಲಿರುವ ಬಗೆಯು 5 ವೋಲ್ಟ್‌ನಲ್ಲಿ, ಮೂರೂ ಬಣ್ಣಗಳು ಪೂರ್ತಿ ಉರಿದಾಗ, ದೀಪವೊಂದಕ್ಕೆ ಸುಮಾರು 60 ಮಿಲಿಆಂಪಿಯರ್, ಎಂದರೆ 0.3 ವ್ಯಾಟ್, ಎಳೆಯುತ್ತದೆ. ನೂರು ದೀಪಗಳಿದ್ದರೆ 30 ವ್ಯಾಟ್. ದಿನಕ್ಕೆ 8 ಗಂಟೆಯಂತೆ ವರ್ಷಕ್ಕೆ ಸುಮಾರು 88 ಯೂನಿಟ್. ಒಂದು ಹೊತ್ತಿಗೆ ಒಂದೇ ಬಣ್ಣ ಉರಿಯುವ ವಿನ್ಯಾಸದಲ್ಲಿ ಇದು ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ನೂರಾರು ವ್ಯಾಟ್ ಬೇಡುವ ಗ್ರಾಫಿಕ್ಸ್ ಕಾರ್ಡಿನ ಎದುರು ಇದು ಅಲ್ಪವೇ.

ಆದರೂ ಹಳೆಯ ಬಲ್ಬಿಗಿಲ್ಲದ ಒಂದು ಗುಣ ಈ ದೀಪಕ್ಕಿದೆ. ಸ್ವಿಚ್ಚು ಆರಿಸಿದ ಬಲ್ಬು ಏನನ್ನೂ ಉಣ್ಣದು. ಬಣ್ಣದ ಆಜ್ಞೆಗೆ ಕಾದಿರುವ ಚಿಪ್ಪನ್ನು ಒಡಲಲ್ಲಿಟ್ಟುಕೊಂಡ ಎಲ್‌ಇಡಿಯು, ಬೆಳಗದಿದ್ದಾಗಲೂ ಸುಮಾರು ಒಂದು ಮಿಲಿಆಂಪಿಯರ್ ಎಳೆಯುತ್ತಲೇ ಇರುತ್ತದೆ. ಹಲವು ಮದರ್‌ಬೋರ್ಡುಗಳು ಗಣಕ ನಿಂತ ಮೇಲೂ ದೀಪಗಳಿಗೆ ವಿದ್ಯುತ್ತು ಒದಗಿಸುವುದರಿಂದ, ಅಂಥ ನೂರು ದೀಪಗಳು ವರ್ಷವಿಡೀ ಬೆಳಗದೆಯೇ ಇದ್ದರೂ ನಾಲ್ಕು ಯೂನಿಟ್‌ಗೂ ಹೆಚ್ಚನ್ನು ಸವೆಸುತ್ತವೆ.