ಓಪನ್‌ಶೂ

ಪಾದರಕ್ಷೆಯ ಹಿಮ್ಮಡಿಯಲ್ಲಿ ಸಂವೇದಕ ಅಡಗಿಸಿ, ನಡೆಯುವವರ ಸ್ಥಾನವನ್ನು ಲೆಕ್ಕಹಾಕುವ ಮುಕ್ತ ವಿನ್ಯಾಸದ ಸಾಧನ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಸ್ಟಾಕ್‌ಹೋಮಿನ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಸಂಶೋಧಕರ ಜಂಟಿ ಕೆಲಸ. ನಿಲ್ಸನ್, ಸ್ಕೂಗ್, ಹೆಂಡೆಲ್ ಹಾಗೂ ಬೆಂಗಳೂರಿನ ಕೆ.ವಿ.ಎಸ್. ಹರಿ 2012ರಲ್ಲಿ ಇದರ ಪ್ರಬಂಧ ಮಂಡಿಸಿದರು.

ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿವೆ, ನೆಲ ಮುಟ್ಟುವಷ್ಟರಲ್ಲಿ ಅವುಗಳ ಸಂಕೇತ ತೀರಾ ಕ್ಷೀಣ. ಹಾವೇರಿಯಿಂದ ರಾಣೆಬೆನ್ನೂರಿಗೆ ಹೆದ್ದಾರಿಯಲ್ಲಿ ಹೋಗುವವನ ಫೋನಿಗೆ ಅಷ್ಟು ಸಾಕು. ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನಂಥ ದಪ್ಪ ಗೋಡೆಯ ಕಟ್ಟಡದೊಳಗೆ ಸಾಲದು. ಹೊಗೆ ತುಂಬಿದ ಕಟ್ಟಡಕ್ಕೆ ನುಗ್ಗುವ ಅಗ್ನಿಶಾಮಕರಿಗೆ ಈ ಕೊರತೆ ಪ್ರಾಣಸಂಕಟ.

ಓಪನ್‌ಶೂ ಹೊರಗಿನ ಸಂಕೇತಕ್ಕೆ ಕಾಯುವುದಿಲ್ಲ. ವೇಗೋತ್ಕರ್ಷಮಾಪಕ ಮತ್ತು ಗೈರೊಸ್ಕೋಪಿನ ಅಳತೆಗಳನ್ನು ಕೂಡಿಸುತ್ತಾ ಸ್ಥಾನ ಕಂಡುಹಿಡಿಯುತ್ತದೆ. ಅಗ್ಗದ ಸಂವೇದಕಗಳಲ್ಲಿ ಇದೇ ತೊಡಕು: ಗೈರೊಸ್ಕೋಪಿನ ಸಣ್ಣ ದೋಷವೂ ಸ್ಥಾನದಲ್ಲಿ ಕಾಲದ ಘನಕ್ಕೆ ಅನುಗುಣವಾಗಿ ಬೆಳೆಯುತ್ತದೆ, ಅಂದರೆ ಕಾಲ ಇಮ್ಮಡಿಯಾದರೆ ತಪ್ಪು ಎಂಟು ಪಟ್ಟು. ಇಲ್ಲಿ ನೆರವಿಗೆ ಬರುವುದು ನಡಿಗೆಯೇ. ಪ್ರತಿ ಹೆಜ್ಜೆಯಲ್ಲೂ ಪಾದ ಕ್ಷಣಕಾಲ ನೆಲದ ಮೇಲೆ ನಿಶ್ಚಲ. ಆಗ ವೇಗ ಸೊನ್ನೆ ಎಂಬುದು ಖಚಿತವಾದ್ದರಿಂದ ಕಾಲ್ಮನ್ ಫಿಲ್ಟರ್ ಎಂಬ ಗಣಿತ ವಿಧಾನ ಕೂಡಿಬಂದ ದೋಷವನ್ನು ತಿದ್ದುತ್ತದೆ. ಉಪಾಯ ಹೊಸದಲ್ಲ, ವಿನ್ಯಾಸವನ್ನೂ ತಂತ್ರಾಂಶವನ್ನೂ ಎಲ್ಲರಿಗೂ ಬಿಟ್ಟುಕೊಟ್ಟದ್ದೇ ಇದರ ಹೆಚ್ಚುಗಾರಿಕೆ.

ದಿಕ್ಕಿನ ತಪ್ಪು ಮಾತ್ರ ಇದರಿಂದ ನೀಗದು. ನಿಂತ ಪಾದ ಯಾವ ಕಡೆಗೆ ಮುಖಮಾಡಿದೆ ಎಂಬುದನ್ನು ಶೂನ್ಯವೇಗ ಹೇಳಲಾರದು. ಎರಡೂ ಪಾದಗಳಿಗೆ ಸಂವೇದಕ ಕಟ್ಟಿ ಅವುಗಳ ನಡುವಿನ ಗರಿಷ್ಠ ಅಂತರವನ್ನು ಮಿತಿಯಾಗಿ ಬಳಸುವುದು, ತಂಡದ ಸದಸ್ಯರ ನಡುವಿನ ದೂರವನ್ನು ರೇಡಿಯೊ ಮೂಲಕ ಅಳೆದು ಪರಸ್ಪರ ತಿದ್ದಿಕೊಳ್ಳುವುದು ಮುಂದಿನ ಸಂಶೋಧನೆಯ ಹಾದಿಗಳಾದವು.