ಚರೆ (ಕೋವಿ)

ಚರೆ ಎಂಬುದು ನುಣುಪಾದ ನಳಿಗೆಯ ಕೋವಿಯಿಂದ ಒಂದೇ ಈಡಿಗೆ ಗುಂಪಾಗಿ ಹೊರಡುವ ಸಣ್ಣ ಲೋಹದ ಗೋಲಿಗಳ ಹೆಸರು. ಒಂಟಿಯಾಗಿ ಹೋಗುವುದನ್ನು ಗುಂಡು ಎಂದೂ ಹಲವಾಗಿ ಹರಡಿಕೊಂಡು ಹೋಗುವುದನ್ನು ಚರೆ ಎಂದೂ ಕರೆಯುವುದು ರೂಢಿ. ಸಾಂಪ್ರದಾಯಿಕವಾಗಿ ಚರೆಯನ್ನು ಸೀಸದಿಂದ ತಯಾರಿಸುತ್ತಾರೆ; ಗಡಸುತನಕ್ಕಾಗಿ ಸ್ವಲ್ಪ ಆಂಟಿಮನಿ ಬೆರೆಸುವುದುಂಟು. ಕರಗಿದ ಸೀಸವನ್ನು ಜರಡಿಯ ಮೂಲಕ ಎತ್ತರದಿಂದ ನೀರಿಗೆ ಬೀಳಿಸಿ ದುಂಡಗಿನ ಚರೆ ಪಡೆಯುವ ವಿಧಾನಕ್ಕೆ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ವಿಲಿಯಂ ವಾಟ್ಸ್ 1782ರಲ್ಲಿ ಪೇಟೆಂಟ್ ಪಡೆದನು. ಚರೆಯ ಪರಿಣಾಮವು ಅದರ ಗಾತ್ರ, ಸಂಖ್ಯೆ, ಲೋಹದ ಸಾಂದ್ರತೆ ಮತ್ತು ವೇಗಗಳನ್ನು ಅವಲಂಬಿಸಿದೆ. ಇವುಗಳಲ್ಲಿ ಗಾತ್ರದ ಪಾತ್ರವು ವೇಗದ ಪಾತ್ರಕ್ಕಿಂತ ಹೆಚ್ಚಿನದು.

ಗಾತ್ರದ ಸಂಖ್ಯೆಗಳು

ಭಾರತದಲ್ಲಿ ಬಳಕೆಯಲ್ಲಿರುವುದು ಬ್ರಿಟಿಷ್ ಪದ್ಧತಿ. ಪುಣೆಯ ಖಡ್ಕಿ ಮದ್ದುಗುಂಡು ಕಾರ್ಖಾನೆಯಲ್ಲಿ ತಯಾರಾಗುವ ‘ಶಕ್ತಿಮಾನ್’ ಹೆಸರಿನ 12 ಬೋರ್ ತೋಟಾಗಳ ಮೇಲೂ ಎಲ್‌ಜಿ, ಎಸ್‌ಜಿ, ಬಿಬಿ ಎಂಬ ಅಕ್ಷರಗಳೋ 4, 6ರಂತಹ ಅಂಕಿಗಳೋ ಇರುತ್ತವೆ. ಈ ಪದ್ಧತಿಯಲ್ಲಿ ಅಂಕಿ ಹೆಚ್ಚಿದಂತೆ ಚರೆ ಸಣ್ಣದಾಗುತ್ತದೆ. ಒಂದು ಔನ್ಸ್, ಅಂದರೆ 28.35 ಗ್ರಾಂ ತೂಕದಲ್ಲಿ 6ನೆಯ ಸಂಖ್ಯೆಯ ಚರೆಗಳು ಸುಮಾರು 270 ಇದ್ದರೆ, 4ನೆಯ ಸಂಖ್ಯೆಯವು 170, ಬಿಬಿ 70, ಎಸ್‌ಜಿ 8 ಮತ್ತು ಎಲ್‌ಜಿ ಕೇವಲ 6 ಇರುತ್ತವೆ. 6ನೆಯ ಸಂಖ್ಯೆಯ ಚರೆಯ ವ್ಯಾಸ 2.6 ಮಿ.ಮೀ.; ಎಲ್‌ಜಿಯದು 9.1 ಮಿ.ಮೀ.

ಅಮೆರಿಕದ ಪದ್ಧತಿ ಬೇರೆಯಾಗಿದ್ದು, ಅಲ್ಲಿನ 6ನೆಯ ಸಂಖ್ಯೆಯ ಚರೆ 2.79 ಮಿ.ಮೀ. ಇದೆ. ಹೀಗಾಗಿ ಅಲ್ಲಿನ ಪಟ್ಟಿಗಳನ್ನು ಭಾರತೀಯ ತೋಟಾಗಳಿಗೆ ನೇರವಾಗಿ ಅನ್ವಯಿಸುವುದು ತಪ್ಪಾಗುತ್ತದೆ.

ಗಾತ್ರ ಮತ್ತು ವೇಗದ ಹೋಲಿಕೆ

ಗೋಲಿಯ ವ್ಯಾಸ ಇಮ್ಮಡಿಯಾದರೆ ಅದರ ತೂಕ ಎಂಟು ಪಟ್ಟಾಗುತ್ತದೆ. ಗಾಳಿಗೆ ಎದುರಾಗುವ ಮೈ ನಾಲ್ಕು ಪಟ್ಟು ಮಾತ್ರ ಹೆಚ್ಚುತ್ತದೆ. ಆದ್ದರಿಂದ ದಪ್ಪ ಚರೆಯ ವೇಗ ನಿಧಾನವಾಗಿ ಕುಗ್ಗುತ್ತದೆ, ಸಣ್ಣ ಚರೆಯದು ಬೇಗ ಕುಗ್ಗುತ್ತದೆ. ಸಾಮಾನ್ಯ ತೋಟಾದಿಂದ ಚರೆ ಸೆಕೆಂಡಿಗೆ ಸುಮಾರು 365ರಿಂದ 400 ಮೀಟರ್ ವೇಗದಲ್ಲಿ ಹೊರಡುತ್ತದೆ. 40 ಗಜ (ಸುಮಾರು 36.5 ಮೀಟರ್) ದೂರ ತಲಪುವಷ್ಟರಲ್ಲಿ 6ನೆಯ ಸಂಖ್ಯೆಯ ಚರೆ ತನ್ನ ವೇಗದ ಹೆಚ್ಚುಕಡಿಮೆ ಅರ್ಧವನ್ನು ಕಳೆದುಕೊಂಡಿರುತ್ತದೆ. ಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ ಆಗ ಉಳಿಯುವುದು ಆರಂಭದ ಶಕ್ತಿಯ ಕಾಲು ಭಾಗದಷ್ಟು ಮಾತ್ರ.

ವೇಗವನ್ನು ಶೇ. 10ರಷ್ಟು ಹೆಚ್ಚಿಸಿದರೆ ನಳಿಗೆಯ ಬಾಯಿಯಲ್ಲಿ ಪ್ರತಿ ಚರೆಯ ಶಕ್ತಿ ಶೇ. 21ರಷ್ಟು ಹೆಚ್ಚುತ್ತದೆ. ಆದರೆ ಶಬ್ದದ ವೇಗವನ್ನು ಮೀರಿದ ಗೋಲಿಗೆ ಗಾಳಿಯ ತಡೆ ತೀವ್ರವಾಗಿರುವುದರಿಂದ ಈ ಲಾಭ ದೂರ ಹೋದಂತೆ ಕರಗುತ್ತದೆ. ಪರಿಣಾಮಕಾರಿ ದೂರದಲ್ಲಿ ಸಿಗುವ ಹೆಚ್ಚಳ ಕೆಲವೇ ಮೀಟರುಗಳು. ಅದೇ ವೇಗದಲ್ಲಿ 6ರ ಬದಲು 4ನೆಯ ಸಂಖ್ಯೆಯನ್ನು ಬಳಸಿದರೆ ಪ್ರತಿ ಚರೆಯ ತೂಕವೂ ಶಕ್ತಿಯೂ ಸುಮಾರು ಶೇ. 59ರಷ್ಟು ಹೆಚ್ಚುತ್ತವೆ, ಮತ್ತು ದೂರ ಹೋದಂತೆ ಈ ಅಂತರ ಇನ್ನೂ ಹಿಗ್ಗುತ್ತದೆ. ಅತಿ ವೇಗದ ತೋಟಾಗಳಲ್ಲಿ ಒದೆತ ಹೆಚ್ಚು. ಮೆದು ಸೀಸದ ಚರೆಗಳು ನಳಿಗೆಯೊಳಗೇ ಅಮುಕಿ ಚಪ್ಪಟೆಯಾಗಿ ದಾರಿ ಬಿಟ್ಟು ಚದುರುವುದೂ ಉಂಟು.

ದಪ್ಪ ಚರೆಗೂ ಅದರದೇ ಮಿತಿಯಿದೆ. ಅದು ಸಂಖ್ಯೆಯಲ್ಲಿ ಕಡಿಮೆ. ಹರಹನ್ನು ಅಳೆಯಲು 40 ಗಜ ದೂರದಲ್ಲಿ 30 ಅಂಗುಲ ವ್ಯಾಸದ ವೃತ್ತದೊಳಗೆ ಬಿದ್ದ ಚರೆಗಳನ್ನು ಎಣಿಸುತ್ತಾರೆ. ಬಾಯಿ ಕಿರಿದಾಗಿಸದ ನೇರ ನಳಿಗೆಯಲ್ಲಿ ಸುಮಾರು ಶೇ. 40, ಪೂರ್ಣ ಚೋಕ್ ಇರುವ ನಳಿಗೆಯಲ್ಲಿ ಶೇ. 70ರಷ್ಟು ಚರೆಗಳು ಇದರೊಳಗೆ ಬೀಳುತ್ತವೆ. ನೇರ ನಳಿಗೆಯಿಂದ ಒಂದು ಔನ್ಸ್ 6ನೆಯ ಸಂಖ್ಯೆಯ ಚರೆ ಹಾರಿಸಿದಾಗ ವೃತ್ತದೊಳಗೆ ನೂರಕ್ಕೂ ಹೆಚ್ಚು ಬಿದ್ದರೆ, ಎಲ್‌ಜಿಯವು ಎರಡೋ ಮೂರೋ ಬೀಳುತ್ತವೆ. ಅವು ಪ್ರಾಣಿಯ ಮರ್ಮಸ್ಥಾನಕ್ಕೆ ತಗಲುವುದು ಬರಿಯ ಅದೃಷ್ಟದ ಮಾತು.

ಬೇಟೆಯು ಕಾನೂನುಬದ್ಧವಾಗಿದ್ದ ಕಾಲದಲ್ಲಿ ಲಾವುಗೆ, ಉಲ್ಲಂಗಿಗಳಿಗೆ 8, ಗೌಜುಗ ಮತ್ತು ಕಾಡುಕೋಳಿಗೆ 6, ಬಾತು ಹಾಗೂ ಮೊಲಕ್ಕೆ 4, ಕಾಡುಹಂದಿಯಂತಹ ಪ್ರಾಣಿಗೆ ಎಸ್‌ಜಿ ಅಥವಾ ಎಲ್‌ಜಿ ಎಂಬ ವಿಂಗಡಣೆ ಈ ಲೆಕ್ಕದಿಂದಲೇ ಹುಟ್ಟಿತು. ಹಕ್ಕಿಯ ಚರೆಯನ್ನು ಹಂದಿಯ ಮೇಲೆ ಹಾರಿಸಿದರೆ ಅದು ದಪ್ಪ ಚರ್ಮ ಮತ್ತು ಕೊಬ್ಬಿನಲ್ಲೇ ನಿಲ್ಲುತ್ತದೆ. ಗಾಯ ಕೀವಾಗಿ ಪ್ರಾಣಿ ದಿನಗಟ್ಟಲೆ ನರಳಿ ಸಾಯಬಹುದು, ಇಲ್ಲವೆ ಕೆರಳಿ ಮನುಷ್ಯರ ಮೇಲೆ ಎರಗಬಹುದು. ಕೇಪಿನ ಕೋವಿಗಳಲ್ಲಿ ಈ ಅಪಾಯ ಹೆಚ್ಚು. ಮದ್ದನ್ನೂ ಚರೆಯನ್ನೂ ಕೈಯಳತೆಯಲ್ಲಿ ತುಂಬುವುದರಿಂದ ಒಂದು ಈಡಿನ ವೇಗ ಮತ್ತೊಂದಕ್ಕೆ ಇರುವುದಿಲ್ಲ.

ಪರಿಣಾಮಕಾರಿ ದೂರವೇ ಅಪಾಯದ ದೂರವಲ್ಲ. ಅಂಗುಲದಲ್ಲಿ ಅಳೆದ ವ್ಯಾಸವನ್ನು 2,200ರಿಂದ ಗುಣಿಸಿದರೆ ಚರೆ ಗರಿಷ್ಠ ಎಷ್ಟು ಗಜ ಹೋಗಬಲ್ಲದೆಂಬ ಸ್ಥೂಲ ಅಂದಾಜು ಸಿಗುತ್ತದೆ. ಇದರಂತೆ 6ನೆಯ ಸಂಖ್ಯೆಯದು ಸುಮಾರು 200 ಮೀಟರ್, ಎಲ್‌ಜಿಯದು 700 ಮೀಟರಿಗೂ ಮಿಕ್ಕಿ ಹೋಗಬಲ್ಲದು. ಸಿಂಧನೂರು, ಮಸ್ಕಿ ಕಡೆಯ ಮರೆಯಿಲ್ಲದ ಎರೆಹೊಲಗಳಲ್ಲಿ ಇದು ಪಕ್ಕದ ಹೊಲದ ಕೆಲಸಗಾರರನ್ನೂ ದಾಟುವ ದೂರ.

ಕರ್ನಾಟಕದಲ್ಲಿ ಕಾನೂನು

ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಅನ್ವಯ ಬೇಟೆ ನಿಷಿದ್ಧವಾಗಿದೆ. ಬಯಲುಸೀಮೆಯ ಕೃಷ್ಣಮೃಗ ಮೊದಲನೆಯ ಅನುಸೂಚಿಯಲ್ಲಿದ್ದು ಅತ್ಯುನ್ನತ ರಕ್ಷಣೆ ಪಡೆದಿದೆ. 2022ರ ತಿದ್ದುಪಡಿಯ ನಂತರ ಕಾಡುಹಂದಿ ಎರಡನೆಯ ಅನುಸೂಚಿಯಲ್ಲಿದೆ. ಈ ಅನುಸೂಚಿಯ ಪ್ರಾಣಿಯು ಜೀವಕ್ಕೆ ಅಥವಾ ಬೆಳೆಗೆ ಅಪಾಯಕಾರಿಯಾದಾಗ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅಧಿಕೃತ ಅಧಿಕಾರಿ ಕಾರಣ ನಮೂದಿಸಿ ಲಿಖಿತ ಅನುಮತಿ ನೀಡಬಹುದು. ಬೆಳೆ ರಕ್ಷಣೆಗೆ ಪಡೆದ ಕೋವಿ ಪರವಾನಗಿಯು ತಾನಾಗಿಯೇ ಇಂತಹ ಅನುಮತಿಯಾಗುವುದಿಲ್ಲ.

ಕೊಡಗಿನಲ್ಲಿ ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಆಯುಧ ಕಾಯ್ದೆಯ ಪರವಾನಗಿಯಿಂದ ವಿನಾಯಿತಿ ಇದೆ. 2019ರಲ್ಲಿ ಇದನ್ನು ಹತ್ತು ವರ್ಷಗಳಿಗೆ ವಿಸ್ತರಿಸಲಾಯಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲಿಸಿ, ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆ ನಡೆಸುವುದು ವಾಡಿಕೆ. ವಿನಾಯಿತಿಯು ಆಯುಧಕ್ಕೆ ಸಂಬಂಧಿಸಿದ್ದೇ ಹೊರತು ಬೇಟೆಗಲ್ಲ.

ಕಳ್ಳಬೇಟೆಯ ತನಿಖೆಯಲ್ಲಿ ಚರೆಯ ಗಾತ್ರ ಒಂದು ಮುಖ್ಯ ಸಾಕ್ಷ್ಯ. ನುಣುಪಾದ ನಳಿಗೆಯು ಚರೆಯ ಮೇಲೆ ರೈಫಲ್ ಗುಂಡಿನ ಮೇಲಿರುವಂತಹ ಗೀರು ಮೂಡಿಸದ ಕಾರಣ ಚರೆಯಿಂದ ಕೋವಿಯನ್ನು ಗುರುತಿಸಲಾಗದು. ಆದರೆ ಕಳೇಬರದಲ್ಲಿ ಸಿಕ್ಕ ಚರೆಯ ವ್ಯಾಸ ಮತ್ತು ತೂಕದಿಂದ ತೋಟಾದ ಬಗೆಯನ್ನೂ, ಹರಹಿನಿಂದ ಹಾರಿಸಿದ ದೂರವನ್ನೂ ಅಂದಾಜಿಸಬಹುದು. ಬಿಸಾಡಿದ ತೋಟಾದ ಕೊಪ್ಪೆ ಸಿಕ್ಕರೆ ಅದರ ತಳದಲ್ಲಿ ಮೊಳೆ ಬಡಿದ ಗುರುತು ನೇರವಾಗಿ ಕೋವಿಯ ಕಡೆಗೆ ಬೆರಳು ತೋರಿಸುತ್ತದೆ.

ಸೀಸದ ವಿಷ

ಬಾತುಗಳು ಕಾಳು ಅರೆಯಲು ಸಣ್ಣ ಕಲ್ಲುಗಳನ್ನು ನುಂಗುತ್ತವೆ. ಕೆಸರಿನಲ್ಲಿ ಬಿದ್ದ ಚರೆಯನ್ನೂ ಕಲ್ಲೆಂದೇ ನುಂಗುತ್ತವೆ. ಅದು ಹೊಟ್ಟೆಯಲ್ಲಿ ಸವೆದು ಸೀಸ ರಕ್ತಕ್ಕೆ ಸೇರುತ್ತದೆ. ಈ ಕಾರಣಕ್ಕೆ ಡೆನ್ಮಾರ್ಕ್ 1996ರಲ್ಲಿ ಸೀಸದ ಚರೆಯನ್ನು ಪೂರ್ಣವಾಗಿ ನಿಷೇಧಿಸಿತು. ಅಮೆರಿಕದಲ್ಲಿ ನೀರುಹಕ್ಕಿಗಳ ಬೇಟೆಗೆ 1991ರಿಂದಲೂ ಐರೋಪ್ಯ ಒಕ್ಕೂಟದ ಜೌಗು ಪ್ರದೇಶಗಳಲ್ಲಿ 2023ರಿಂದಲೂ ನಿಷೇಧವಿದೆ. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುವ ಗದಗ ಜಿಲ್ಲೆಯ ಮಾಗಡಿ ಕೆರೆ, ತುಂಗಭದ್ರಾ ಎಡದಂಡೆ ನಾಲೆಯ ನೀರುಣ್ಣುವ ಜವಳಗೇರಾ ಸುತ್ತಿನ ಭತ್ತದ ಗದ್ದೆಗಳಂತಹ ನೆಲದಲ್ಲಿ ಬೀಳುವ ಚರೆಗೂ ಇದೇ ಗುಣವಿದೆ. ಕಳ್ಳಬೇಟೆಯ ಈಡು ಗುರಿ ತಪ್ಪಿದರೂ ಚರೆ ಕೆಸರಿನಲ್ಲಿ ಉಳಿಯುತ್ತದೆ.

ಪರ್ಯಾಯವಾದ ಉಕ್ಕಿನ ಚರೆ ಅದೇ ಗಾತ್ರದ ಸೀಸಕ್ಕಿಂತ ಸುಮಾರು ಶೇ. 30ರಷ್ಟು ಹಗುರ. ಆದ್ದರಿಂದ ಎರಡು ಸಂಖ್ಯೆಯಷ್ಟು ದಪ್ಪ ಚರೆಯನ್ನು ಹೆಚ್ಚಿನ ವೇಗದಲ್ಲಿ ಹಾರಿಸುತ್ತಾರೆ. ವೇಗ ನಿಜಕ್ಕೂ ಉಪಯೋಗಕ್ಕೆ ಬರುವುದು ಇಲ್ಲಿ. ಉಕ್ಕು ಅಮುಕದ ಕಾರಣ ಹರಹು ಬಿಗಿಯಾಗಿರುತ್ತದೆ, ಆದರೆ ಬಿಗಿ ಚೋಕ್‌ನ ಹಳೆಯ ನಳಿಗೆಗಳಿಗೆ ಅದು ಹಾನಿ ಮಾಡಬಲ್ಲದು. ಬಿಸ್ಮತ್ ಮತ್ತು ಟಂಗ್‌ಸ್ಟನ್ ಚರೆಗಳೂ ಇವೆ, ಅವು ದುಬಾರಿ.